ಬಣ್ಣ ಹಚ್ಚುವ ಬ್ರಷ್ಷು: ಕೂದಲು ನೋಡಿ ಕೊಳ್ಳಿ

ಶಾಲೆಯ ಗ್ಯಾದರಿಂಗ್ ಹತ್ತಿರ ಬಂತೆಂದರೆ ರಾಯಬಾಗ ತಾಲ್ಲೂಕಿನ ಚಿಂಚಲಿಯಂಥ ಊರಿನಲ್ಲೂ ಮನೆಮನೆಯಲ್ಲಿ ಗಡಿಬಿಡಿ. ಒಬ್ಬ ಹುಡುಗ ಸಂಗೊಳ್ಳಿ ರಾಯಣ್ಣ, ಪಕ್ಕದ ಮನೆಯವಳು ಕಿತ್ತೂರು ಚನ್ನಮ್ಮ, ಇನ್ನೊಬ್ಬ ಪಾರಿಜಾತದ ಕೃಷ್ಣ. ಪೇಟ, ಸೀರೆ, ಕಟ್ಟಿಗೆಯ ಕತ್ತಿ ಎಲ್ಲ ಹೊಂದಿಸಿದ ಮೇಲೆ ಕಡೆಗೆ ನೆನಪಾಗುವುದು ಮುಖಕ್ಕೆ ಬಣ್ಣ ಹಚ್ಚುವ ಬ್ರಷ್ಷು. ಮಾಯಕ್ಕದೇವಿ ಜಾತ್ರೆಯಲ್ಲಿ ಬಳೆ ಆರಿಸಲು ಅರ್ಧ ತಾಸು ತೆಗೆದುಕೊಳ್ಳುವ ತಾಯಂದಿರೂ ಬ್ರಷ್ಷನ್ನು ಮಾತ್ರ ಕೈಗೆ ಸಿಕ್ಕಿದ್ದನ್ನೇ ಕೊಂಡುಬಿಡುತ್ತಾರೆ. ಮಕ್ಕಳ ಕಣ್ಣು, ಚರ್ಮಕ್ಕೆ ತಾಗುವ ವಸ್ತುವಿನ ಬಗ್ಗೆ ಇಷ್ಟು ಉದಾಸೀನ ಸಲ್ಲದು.

ಯಾವುದಕ್ಕೆ ಯಾವ ಕೂದಲು?

ಬ್ರಷ್ಷಿನ ಗುಣವೆಲ್ಲ ಅದರ ಕೂದಲಿನಲ್ಲಿದೆ. ಪೌಡರ್, ರೂಜ್‌ನಂಥ ಒಣ ಬಣ್ಣಕ್ಕೆ ಆಡಿನ ಕೂದಲಿನ ಬ್ರಷ್ಷು ಒಳ್ಳೆಯದು. ನೈಸರ್ಗಿಕ ಕೂದಲಿನ ಮೇಲೆ ಕಣ್ಣಿಗೆ ಕಾಣದ ಸಣ್ಣ ಹುರುಪೆಗಳಿರುತ್ತವೆ. ಪುಡಿ ಅವುಗಳಲ್ಲಿ ನಿಂತು, ಮುಖದ ಮೇಲೆ ಸಮನಾಗಿ ಹರಡುತ್ತದೆ. ಆದರೆ ಕ್ರೀಮು, ದ್ರವರೂಪದ ಬಣ್ಣಕ್ಕೆ ನೈಲಾನಿನಂಥ ಕೃತಕ ಎಳೆಯ ಬ್ರಷ್ಷೇ ಸರಿ. ಅದು ಬಣ್ಣವನ್ನು ಹೀರುವುದಿಲ್ಲ, ತೊಳೆಯಲೂ ಸುಲಭ.

ಕೊಳ್ಳುವಾಗ ಬ್ರಷ್ಷನ್ನು ಕೆನ್ನೆಯ ಮೇಲೆ ಆಡಿಸಿ ನೋಡಬೇಡಿ. ಅದನ್ನು ಎಷ್ಟು ಜನ ಮುಟ್ಟಿರುತ್ತಾರೋ! ಅಂಗೈ ಹಿಂಭಾಗಕ್ಕೆ ಮೆಲ್ಲಗೆ ಒತ್ತಿ. ಚುಚ್ಚಿದರೆ ತುದಿಯನ್ನು ಕತ್ತರಿಸಿ ಸಮ ಮಾಡಿದ್ದಾರೆಂದೇ ಅರ್ಥ. ಕೂದಲಿನ ಸಹಜ ತುದಿ ಚೂಪಾಗಿ, ಮೃದುವಾಗಿರುತ್ತದೆ. ಜಪಾನಿನ ಹಿರೋಶಿಮಾ ಪ್ರಾಂತ್ಯದ ಕುಮಾನೊ ಎಂಬ ಊರಿನ ಕುಶಲಕರ್ಮಿಗಳು ಈ ತುದಿಯನ್ನು ಕತ್ತರಿಸದೆ ಕೈಯಿಂದಲೇ ಜೋಡಿಸುತ್ತಾರೆ. 2011ರಲ್ಲಿ ಫುಟ್‌ಬಾಲ್ ವಿಶ್ವಕಪ್ ಗೆದ್ದ ಜಪಾನಿನ ಮಹಿಳಾ ತಂಡಕ್ಕೆ ಅಲ್ಲಿನ ಸರ್ಕಾರ ಉಡುಗೊರೆಯಾಗಿ ಕೊಟ್ಟದ್ದು ಕುಮಾನೊದ ಪ್ರಸಾಧನ ಬ್ರಷ್ಷುಗಳನ್ನು!

ಕೂದಲನ್ನು ಹಗುರವಾಗಿ ಎಳೆದು ನೋಡಿ. ಹೊಸ ಬ್ರಷ್ಷಿನಿಂದ ಒಂದೆರಡು ಎಳೆ ಉದುರುವುದು ಸಹಜ. ಗೊಂಚಲಾಗಿ ಬಂದರೆ ಬೇಡ. ಉದುರಿದ ಎಳೆಯನ್ನು ಮನೆಯಲ್ಲಿ ಹಿರಿಯರು ಸುಟ್ಟು ನೋಡಬಹುದು. ನಿಜವಾದ ಕೂದಲು ಕಮಟು ವಾಸನೆ ಬೀರಿ ಬೂದಿಯಾಗುತ್ತದೆ. ನೈಲಾನು ಕರಗಿ ಗಟ್ಟಿ ಮಣಿಯಾಗುತ್ತದೆ.

ಮುಂಗುಸಿಯ ಕೂದಲು ಬೇಡ

ಮೀಸೆ, ಹುಬ್ಬು ತೀಡಲು ಅನೇಕರು ಡ್ರಾಯಿಂಗ್ ಕ್ಲಾಸಿನ ಸಣ್ಣ ಬ್ರಷ್ಷನ್ನೇ ಬಳಸುತ್ತಾರೆ. ಇಲ್ಲೊಂದು ಎಚ್ಚರಿಕೆ ಬೇಕು. ಚಿತ್ರಕಲೆಯ ಬ್ರಷ್ಷಿಗಾಗಿ ನಮ್ಮ ದೇಶದಲ್ಲಿ ಮುಂಗುಸಿಗಳನ್ನು ಕೊಲ್ಲುವ ದಂಧೆ ಬಹುಕಾಲದಿಂದ ನಡೆದುಬಂದಿದೆ. ಒಂದು ಮುಂಗುಸಿಯಿಂದ ಸಿಗುವ ಕೂದಲು ಅಲ್ಪ; ಒಂದು ಕಿಲೋ ಕೂಡಿಸಲು ಹತ್ತಾರು ಜೀವ ಹೋಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿಗೆ ರಕ್ಷಣೆಯಿದ್ದು, ಅದರ ಬೇಟೆ ಮತ್ತು ಕೂದಲಿನ ವ್ಯಾಪಾರ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ‘ಆಪರೇಷನ್ ಕ್ಲೀನ್ ಆರ್ಟ್’ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ದಾಳಿ ನಡೆಸಿತು.

ಮುಂಗುಸಿಯ ಕೂದಲಿನಲ್ಲಿ ಕಂದು, ತಿಳಿ ಬಣ್ಣಗಳು ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಅಂಥದ್ದು ಕಂಡರೆ ‘ಇದು ಯಾವ ಪ್ರಾಣಿಯದು?’ ಎಂದು ಕೇಳಿ. ಸರಿಯಾದ ಉತ್ತರ ಬಾರದಿದ್ದರೆ ನೈಲಾನಿನದನ್ನೇ ಕೊಡಿ ಎನ್ನಿ. ಕಬ್ಬಿನ ಹೊಲದ ಇಲಿ, ಹಾವು ಹಿಡಿಯುವ ಮುಂಗುಸಿ ರೈತನ ಗೆಳೆಯ. ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯನ್ನೇ ತಾಯಿ ಅವಸರದಲ್ಲಿ ಕೊಂದ ಪಂಚತಂತ್ರದ ಕಥೆ ಯಾವ ಮಗುವಿಗೆ ಗೊತ್ತಿಲ್ಲ? ಅಂಗಡಿಯಲ್ಲಿ ನಾವು ಮಾಡುವ ಅವಸರವೂ ಅದೇ ಬಗೆಯದು.

ತೊಳೆಯುವ ರೀತಿ

ದಿನವೂ ಬಳಸುವ ಬ್ರಷ್ಷನ್ನು 7ರಿಂದ 10 ದಿನಕ್ಕೊಮ್ಮೆ ತೊಳೆಯಬೇಕೆಂದು ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಹೇಳುತ್ತದೆ. ಗ್ಯಾದರಿಂಗ್‌ಗೆ ಬಳಸಿದ್ದನ್ನು ಅಂದೇ ತೊಳೆಯುವುದು ಲೇಸು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಮಕ್ಕಳ ಶಾಂಪೂ ಸಾಕು. ಕೂದಲು ಕೆಳಮುಖವಾಗಿರಲಿ; ನೀರು ತಗಡಿನ ಪಟ್ಟಿಯೊಳಗೆ ಇಳಿದರೆ ಅಂಟು ಬಿಟ್ಟು ಕೂದಲು ಉದುರುತ್ತದೆ. ಹತ್ತಿ ಬಟ್ಟೆಯಲ್ಲಿ ಒತ್ತಿ, ಬೆರಳಿನಿಂದ ಆಕಾರ ತಿದ್ದಿ, ಮೇಜಿನ ಅಂಚಿನಿಂದ ತುದಿ ಹೊರಗೆ ಬರುವಂತೆ ನೆರಳಿನಲ್ಲಿ ಮಲಗಿಸಿ. ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಒಣಗಿಸಬಾರದು, ಸುಡುಬಿಸಿಲೂ ಬೇಡ. ಹಸಿಯಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಸ್ಟು ಹಿಡಿಯುತ್ತದೆ.

ಕಡೆಯ ಮಾತು ವಿದ್ಯಾರ್ಥಿಗಳಿಗೆ. ವೇಷ ಹಾಕುವಾಗ ಸಾಲಾಗಿ ಕುಳಿತ ಹತ್ತು ಮಕ್ಕಳ ಕಣ್ಣಿಗೆ ಒಂದೇ ಬ್ರಷ್ಷಿನಿಂದ ಕಾಡಿಗೆ ತೀಡುವುದು ಅನೇಕ ಶಾಲೆಗಳ ರೂಢಿ. ಒಬ್ಬರಿಗೆ ಕಣ್ಣುಬೇನೆ ಇದ್ದರೆ ಅದು ಉಳಿದವರಿಗೂ ಅಂಟಬಹುದು. ಕಣ್ಣಿನ ಬ್ರಷ್ಷು ಪ್ರತಿಯೊಬ್ಬರಿಗೂ ಬೇರೆ ಇರಲಿ, ಅದರ ಹಿಡಿಯ ಮೇಲೆ ನಿಮ್ಮ ಹೆಸರು ಬರೆದಿಟ್ಟುಕೊಳ್ಳಿ. ಬಣ್ಣ ಹಚ್ಚುವ ಗುರುಗಳಿಗೆ ‘ಸರ್, ನನ್ನದರಿಂದಲೇ ಹಚ್ಚಿ’ ಎಂದು ಹೇಳಲು ಸಂಕೋಚ ಬೇಡ.