ಸತ್ತ ಮೇಲೂ ಎದ್ದು ಬರುವ ಆಟಗಾರ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ ಶನಿವಾರ ಹೋದರೆ, ಆಂಜನೇಯನ ದರ್ಶನ ಮುಗಿಸಿದ ಸಂಸಾರಗಳು ಕಾವೇರಿ ದಂಡೆಯ ಮರಗಳ ಕೆಳಗೆ ಚಾಪೆ ಹಾಸಿ, ಬುತ್ತಿ ಬಿಚ್ಚಿ ಕೂತಿರುತ್ತವೆ. ಸೀತೆಯ ಮೂಗುತಿ ಹೊಳೆಗೆ ಬಿದ್ದಾಗ ಬಾಲದಿಂದ ಮಡು ಕಲಕಿ ಎತ್ತಿಕೊಟ್ಟ ಹನುಮ ಇಲ್ಲಿಯವರ ಬಾಯಲ್ಲಿ ಮುತ್ತೆತ್ತರಾಯ. ಅಂಥದೊಂದು ಮರದಡಿ ಅಜ್ಜಿಯೊಬ್ಬರು ಬಂಡೆಯ ಮೇಲೆ ಇದ್ದಿಲಿನಿಂದ ಮನೆ ಬರೆದು ಮೊಮ್ಮಗನ ಜತೆ ಚೌಕಾಬಾರ ಆಡುತ್ತಿದ್ದರು. ಹುಡುಗನ ಕಾಯಿ ಹಣ್ಣಾಗಲು ಎರಡು ಬೇಕು, ಬಿದ್ದದ್ದು ಮೂರು. ಅವನು ಕವಡೆ ಬಾಚಿಕೊಂಡ. "ಇದು ಬ್ಯಾಡ ಕಣಜ್ಜಿ, ಇನ್ನೊಂದ್ಸಲ ಹಾಕ್ತೀನಿ." ಅಜ್ಜಿ ಅವನ ಕೈ ಹಿಡಿದರು. "ಬಿದ್ದಿದ್ದು ಬಿತ್ತು ಕಣ್ಲಾ. ಕವಡೆ ಆತ್ಕಂಡಿದ್ರೆ ನಾನೇ ಹಾಕುಸ್ತಿದ್ದೆ. ನೆಟ್ಟಗೆ ಬಿದ್ದೈತಲ್ಲ!" ಹುಡುಗ ಮುಖ ಊದಿಸಿಕೊಂಡು ಹೇಳಿದ: "ಮೊಬೈಲ್ ಗೇಮಲ್ಲಾದ್ರೆ ವಾಪಸ್ ಹೋಗ್ಬೋದು."

ವಾಪಸ್ ಹೋಗಬಹುದು, ನಿಜ. ಆದರೆ ಆ ಸೌಲಭ್ಯ ಹುಟ್ಟಿದ್ದು ಸುಲಭದಲ್ಲಲ್ಲ. ಅದರ ಹಿಂದೆ ಆಟ ಬರೆದವರಿಗೂ ಆಡಿದವರಿಗೂ ನಡೆದ ದೊಡ್ಡ ಜಗಳವಿದೆ. ಆ ಜಗಳ ಆಟದ ಒಂದು ಜಾತಿಯನ್ನೇ ಹುಟ್ಟಿಸಿತು. ಕಂಪ್ಯೂಟರ್ ಆಟವೆಂದರೆ ಮಕ್ಕಳನ್ನು ಕೆಡಿಸುವ ವಸ್ತು ಎಂದಷ್ಟೇ ನಮ್ಮಲ್ಲಿ ಬರೆಯುವುದು ರೂಢಿಯಾದ್ದರಿಂದ ಈ ಕತೆ ಕನ್ನಡದಲ್ಲಿ ಅಷ್ಟಾಗಿ ಬಂದಿಲ್ಲ.

ಮೂಲ ಅಮೆರಿಕದಲ್ಲಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ತಂದರು. ಮೇಜಿನ ಸುತ್ತ ಕೂತವರು ಒಬ್ಬ ವೀರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ ಎಂದು ಪಾತ್ರ ವಹಿಸಿಕೊಳ್ಳುತ್ತಾರೆ. ದಾಳ ಉರುಳಿಸಿ ನೆಲಮಾಳಿಗೆಗಳಿಗೆ ಇಳಿಯುತ್ತಾರೆ. ಮರುವರ್ಷವೇ ಅದು ಕಂಪ್ಯೂಟರಿಗೆ ನುಗ್ಗಿತು. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಬೋಧನಾ ಕಂಪ್ಯೂಟರಿನಲ್ಲಿ ರಸ್ಟಿ ರದರ್‌ಫರ್ಡ್ ಎಂಬಾತ ಇಂಥದೊಂದು ಆಟ ಬರೆದು, ಯಾರಿಗೂ ಅನುಮಾನ ಬಾರದಿರಲೆಂದು 'ಪೆಡಿಟ್5' ಎಂದು ಪಾಠದ ಫೈಲಿನಂಥ ಹೆಸರಿಟ್ಟ. ಮೇಲ್ವಿಚಾರಕರು ಅದನ್ನು ಪತ್ತೆಹಚ್ಚಿ ಅಳಿಸಿಹಾಕಿದರು. ಈ ಬಗೆಯ ಆಟ ಕಂಪ್ಯೂಟರಿಗೆ ಕಾಲಿಟ್ಟಿದ್ದೇ ಕಣ್ಣುತಪ್ಪಿಸಿ.

ನನ್ನನ್ನು ಹಿಡಿದು ನಿಲ್ಲಿಸಿದ ಪ್ರಸಂಗ ಇದಾದ ಐದು ವರ್ಷಕ್ಕೆ ಬರುತ್ತದೆ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್‌ನಲ್ಲಿ ಓದುತ್ತಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ 'ರೋಗ್' ಎಂಬ ಆಟ ಬರೆದರು. ಟಾಯ್ ಬರ್ಕ್ಲಿಗೆ ಹೋದ ಮೇಲೆ ಕೆನ್ ಆರ್ನಾಲ್ಡ್ ಜತೆಗೂಡಿದ. ಚಿತ್ರ ಇಲ್ಲ, ಸದ್ದು ಇಲ್ಲ. ಕಪ್ಪು ಪರದೆಯ ಮೇಲೆ ಇಮೇಲ್ ವಿಳಾಸದ ನಡುವೆ ಬರುವ 'ಅಟ್' ಚಿಹ್ನೆಯೇ ಆಟಗಾರ. ಇಂಗ್ಲಿಷಿನ 26 ದೊಡ್ಡಕ್ಷರಗಳು 26 ರಾಕ್ಷಸರು. ಇಪ್ಪತ್ತಾರನೇ ಅಂತಸ್ತಿಗೆ ಇಳಿದು ಅಲ್ಲಿರುವ ತಾಯಿತ ತರಬೇಕು. ನಡೆಯಲು ಎಚ್, ಜೆ, ಕೆ, ಎಲ್ ಎಂಬ ನಾಲ್ಕು ಕೀಲಿಗಳು. ಅಂದಿನ ಎಡಿಎಂ-3ಎ ಎಂಬ ಟರ್ಮಿನಲ್ಲಿನಲ್ಲಿ ಬಾಣದ ಗುರುತುಗಳನ್ನು ಇದೇ ಕೀಲಿಗಳ ಮೇಲೆ ಅಚ್ಚುಹಾಕಿದ್ದರು. ಆ ಯಂತ್ರ ಮೂಲೆ ಸೇರಿತು, ನಾಲ್ಕು ಕೀಲಿಗಳ ಅಭ್ಯಾಸ ಮಾತ್ರ ಇವತ್ತಿಗೂ ಉಳಿದಿದೆ.

ರೋಗ್‌ನ ನಿಜವಾದ ಹೊಸತನ ಬೇರೆ ಕಡೆ ಇತ್ತು. ಪ್ರತಿ ಸಲ ಆಡುವಾಗಲೂ ನೆಲಮಾಳಿಗೆ ಹೊಸದಾಗಿ ಹುಟ್ಟುತ್ತಿತ್ತು. ಕೈಗೆ ಸಿಕ್ಕ ಸೀಸೆಯಲ್ಲಿ ಕೆಂಪು ದ್ರವವಿದ್ದರೆ ಅದು ಮದ್ದೋ ವಿಷವೋ ಕುಡಿದೇ ತಿಳಿಯಬೇಕು. ಹಿಂದಿನ ಆಟದಲ್ಲಿ ಕೆಂಪು ಮದ್ದಾಗಿದ್ದರೆ ಈ ಆಟದಲ್ಲಿ ಅದು ಕಣ್ಣು ಕುರುಡು ಮಾಡಬಹುದು. ಸತ್ತರೆ ಪರದೆಯ ಮೇಲೆ ಅಕ್ಷರಗಳಲ್ಲೇ ಬರೆದ ಗೋರಿಕಲ್ಲು ಮೂಡುತ್ತಿತ್ತು. ಗಳಿಸಿದ ಚಿನ್ನದಲ್ಲಿ ನೂರಕ್ಕೆ ಹತ್ತು ಭಾಗವನ್ನು ನೆಲಮಾಳಿಗೆಯ ಮಾಂತ್ರಿಕ ಕಡಿದುಕೊಳ್ಳುತ್ತಿದ್ದ. ಆಟಗಾರರು ಇದಕ್ಕೂ ಉಪಾಯ ಕಂಡುಕೊಂಡರು. ಪ್ರಾಣ ಹೋಗುವ ಮುಂಚೆ ತಾವಾಗಿಯೇ ಆಟ ಬಿಟ್ಟು ಹೊರಬಂದರೆ ಚಿನ್ನ ಪೂರ್ತಿ ಉಳಿಯುತ್ತಿತ್ತು. ಇದು ಮೋಸವಲ್ಲ, ನಿಯಮವನ್ನು ಓದಿಕೊಂಡವನ ಜಾಣತನ.

ಮೋಸ ಬಂದದ್ದು ಸೇವ್ ಮಾಡುವ ಸೌಲಭ್ಯದಿಂದ. ಆಟ ಗಂಟೆಗಟ್ಟಲೆ ನಡೆಯುತ್ತದೆ, ಕ್ಲಾಸಿಗೆ ಹೊತ್ತಾಗುತ್ತದೆ, ಅರ್ಧಕ್ಕೆ ನಿಲ್ಲಿಸಿ ನಾಳೆ ಮುಂದುವರಿಸಲು ಒಂದು ದಾರಿ ಬೇಕಲ್ಲ. ಆದರೆ ವಿದ್ಯಾರ್ಥಿಗಳು ಅದನ್ನು ಬೇರೆಯೇ ಕೆಲಸಕ್ಕೆ ಹಚ್ಚಿದರು. ಗೊತ್ತಿಲ್ಲದ ಸೀಸೆ ಕುಡಿಯುವ ಮೊದಲು ಸೇವ್ ಮಾಡುವುದು, ಕುಡಿದು ನೋಡುವುದು, ವಿಷವಾದರೆ ಹಳೇ ಫೈಲ್ ತೆರೆದು ಏನೂ ಆಗಲೇ ಇಲ್ಲವೆಂಬಂತೆ ಮುಂದೆ ನಡೆಯುವುದು. ಬರೆದವರಿಗೆ ಇದು ಸಹಿಸಲಾಗಲಿಲ್ಲ. ಫೈಲ್ ತೆರೆದ ಕೂಡಲೇ ಅದು ಅಳಿಸಿಹೋಗುವಂತೆ ಮಾಡಿದರು. ಆಟಗಾರರು ಫೈಲಿನ ಕಾಪಿ ತೆಗೆದಿಟ್ಟುಕೊಂಡರು. ಬರೆದವರು ಫೈಲನ್ನು ಗೂಢಲಿಪಿಗೆ ತಿರುಗಿಸಿದರು, ಒಂದೇ ಫೈಲಿಗೆ ಎರಡು ಹೆಸರು ಕಟ್ಟಿ ಬಚ್ಚಿಟ್ಟಿದ್ದರೆ ತೆರೆಯಲು ಒಪ್ಪದಂತೆ ಆಟಕ್ಕೆ ಕಲಿಸಿದರು. ಒಬ್ಬರು ಬೀಗ ಹಾಕುವುದು, ಇನ್ನೊಬ್ಬರು ಕೀಲಿ ಹುಡುಕುವುದು, ಹೀಗೇ ನಡೆಯಿತು.

ಈ ಹಟಕ್ಕೆ ಕಾರಣ ಕ್ರೌರ್ಯವಲ್ಲ. ಆಟಗಾರ ಇಡುವ ಹೆಜ್ಜೆಗೆ ತೂಕ ಬರಬೇಕೆಂಬುದು ಟಾಯ್ ಮತ್ತವರ ಗೆಳೆಯರ ಬಯಕೆ. ವಾಪಸ್ ಪಡೆಯಬಹುದಾದ ಹೆಜ್ಜೆ ಇಡುವಾಗ ಯಾರೂ ಯೋಚಿಸುವುದಿಲ್ಲ. ಮುತ್ತತ್ತಿಯ ಅಜ್ಜಿ ಮೊಮ್ಮಗನ ಕೈ ಹಿಡಿದದ್ದೂ ಇದಕ್ಕೇ ಎಂದು ನನಗೆ ತೋರುತ್ತದೆ. ಒಮ್ಮೆ ಸತ್ತರೆ ಮುಗಿಯಿತು, ಮೊದಲಿಂದ ಶುರು ಮಾಡು ಎಂಬ ಈ ನಿಯಮ ಮುಂದೆ ನೂರಾರು ಆಟಗಳಿಗೆ ಹರಡಿತು. ಆ ಜಾತಿಗೆ ಇಂದಿಗೂ ರೋಗ್‌ನದೇ ಹೆಸರು.

ಬರ್ಕ್ಲಿಯ ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಜತೆ ರೋಗ್ ಅಮೆರಿಕದ ವಿಶ್ವವಿದ್ಯಾಲಯಗಳಿಗೆಲ್ಲ ಹೋಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಇನ್ನೂ ಸೊಗಸು. 1981ರಲ್ಲಿ ಅಲ್ಲಿನ ಮೈಕೆಲ್ ಮೌಲ್ಡಿನ್, ಗೈ ಜೇಕಬ್‌ಸನ್, ಆಂಡ್ರ್ಯೂ ಆಪಲ್, ಲೆನಾರ್ಡ್ ಹೇಮಿ ಎಂಬ ನಾಲ್ವರು ತಾವು ಆಡುವುದನ್ನು ಬಿಟ್ಟು, ತಮ್ಮ ಪರವಾಗಿ ಆಡುವ ಪ್ರೋಗ್ರಾಂ ಬರೆಯತೊಡಗಿದರು. ಹೆಸರು 'ರೋಗ್-ಒ-ಮ್ಯಾಟಿಕ್'. ಅದು ಫೈಲ್ ಕದಿಯಲಿಲ್ಲ, ಆಟದ ಒಳಗನ್ನು ಇಣುಕಲಿಲ್ಲ. ಮನುಷ್ಯ ನೋಡುವ ಪರದೆಯನ್ನೇ ನೋಡಿ, ಮನುಷ್ಯ ಒತ್ತುವ ಕೀಲಿಗಳನ್ನೇ ಒತ್ತಿತು. 1983ರಲ್ಲಿ ಮೂರು ವಾರ ಪರೀಕ್ಷೆ ನಡೆದಾಗ, ಆ ವಿಶ್ವವಿದ್ಯಾಲಯದ ಅಗ್ರ 15 ಆಟಗಾರರಲ್ಲಿ ಯಾರ ಮಧ್ಯಾಂಕವೂ ಇದರ ಮಧ್ಯಾಂಕವನ್ನು ಮುಟ್ಟಲಿಲ್ಲ. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಅದು ಇಪ್ಪತ್ತಾರನೇ ಅಂತಸ್ತಿನಿಂದ ತಾಯಿತ ಹೊತ್ತು ಮೇಲೆಯೂ ಬಂತು. ಇದನ್ನು ಮೋಸ ಎನ್ನಬೇಕೆ? ಇಲ್ಲ ಎಂಬುದೇ ನನ್ನ ತೀರ್ಪು. ಆಟವನ್ನು ಅಷ್ಟು ಆಳವಾಗಿ ಅರಿಯದೆ ಅಂಥ ಪ್ರೋಗ್ರಾಂ ಬರೆಯಲಾಗದು. ಮೌಲ್ಡಿನ್ ಮುಂದೆ 1994ರಲ್ಲಿ ಲೈಕೋಸ್ ಎಂಬ ಸರ್ಚ್ ಎಂಜಿನ್ ಕಟ್ಟಿದ.

ರೋಗ್‌ನ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಬರೆದವರು ಬಿಟ್ಟುಕೊಡಲಿಲ್ಲ. ಕೇಳಿ ಇಲ್ಲವೆನ್ನಿಸಿಕೊಂಡ ಜೇ ಫೆನ್ಲಾಸನ್ ಎಂಬ ಹೈಸ್ಕೂಲು ಹುಡುಗ ಗೆಳೆಯರ ಜತೆ ತನ್ನದೇ 'ಹ್ಯಾಕ್' ಬರೆದ. ಅದು ಬೆಳೆದು 1987ರಲ್ಲಿ 'ನೆಟ್‌ಹ್ಯಾಕ್' ಆಯಿತು. ಮೋಸದ ಜಗಳಕ್ಕೆ ಅತ್ಯಂತ ಮಾನವೀಯ ಪರಿಹಾರ ಸಿಕ್ಕಿದ್ದು ಇದರಲ್ಲಿ. ಅದರಲ್ಲಿ 'ಎಕ್ಸ್‌ಪ್ಲೋರ್' ಎಂಬ ಬಗೆಯೊಂದಿದೆ. ಅಲ್ಲಿ ಸತ್ತಾಗ ಆಟವೇ ಕೇಳುತ್ತದೆ, ಸಾಯುವೆಯಾ ಎಂದು. ಬೇಡ ಎಂದರೆ ಬದುಕಿಸುತ್ತದೆ. ಆದರೆ ಆ ಸ್ಕೋರು ಪಟ್ಟಿಗೆ ಏರುವುದಿಲ್ಲ. ಕಲಿಯಲು ಬಂದವನನ್ನು ಅವಮಾನಿಸದೆ, ಗೆದ್ದವನ ಗೆಲುವನ್ನೂ ಅಗ್ಗ ಮಾಡದೆ ಇಬ್ಬರಿಗೂ ಜಾಗ ಕೊಟ್ಟರು.

ಆಟಗಾರರ ತಂತ್ರಗಳ ಮೇಲೂ ನೆಟ್‌ಹ್ಯಾಕ್ ಬರೆದವರು ಕಣ್ಣಿಟ್ಟಿದ್ದರು. ನೆಟ್‌ಹ್ಯಾಕ್‌ನಲ್ಲಿ ಕಪ್ಪು ಪುಡ್ಡಿಂಗ್ ಎಂಬ ಲೋಳೆ ಪ್ರಾಣಿಯಿದೆ. ಕಬ್ಬಿಣದ ಆಯುಧದಿಂದ ಹೊಡೆದರೆ ಸಾಯುವ ಬದಲು ಎರಡಾಗುತ್ತದೆ. ಆಟಗಾರರು ಅದನ್ನು ಹೊಡೆದು ಹೊಡೆದು ಸಂತಾನ ಬೆಳೆಸಿ, ಸತ್ತವು ಬಿಟ್ಟುಹೋಗುವ ಸಾಮಾನನ್ನು ರಾಶಿ ಹಾಕಿಕೊಂಡರು. ಇದಕ್ಕೆ ಪುಡ್ಡಿಂಗ್ ಬೇಸಾಯ ಎಂದೇ ಹೆಸರು ಬಿತ್ತು. ನೆಲದ ಮೇಲೆ 'ಎಲ್ಬೆರೆತ್' ಎಂದು ಗೀಚಿದರೆ ಬಹುಪಾಲು ರಾಕ್ಷಸರು ಹೆದರಿ ಹತ್ತಿರ ಬರುತ್ತಿರಲಿಲ್ಲ. ಅದರ ಮೇಲೆ ನಿಂತೇ ಯುದ್ಧ ಮಾಡುವುದು ಎಷ್ಟೋ ಜನರ ಬಂಡವಾಳವಾಗಿತ್ತು. 2015ರ ಡಿಸೆಂಬರಿನಲ್ಲಿ ಬಂದ 3.6.0 ಆವೃತ್ತಿ ಎರಡಕ್ಕೂ ಕಡಿವಾಣ ಹಾಕಿತು. ಬೇಸಾಯದ ಫಸಲು ನಿಂತಿತು, ಅಕ್ಷರದ ಮೇಲೆ ನಿಂತು ಹೊಡೆದರೆ ಅಕ್ಷರವೇ ಅಳಿಯಿತು. ಹಳಬರು ಸಿಟ್ಟಾದರು. ಬೆಲೆಯಿಲ್ಲದ ಆಟವೊಂದಕ್ಕೆ ಹತ್ತಿಪ್ಪತ್ತು ವರ್ಷ ಹೀಗೆ ಕಾದಾಡುವ ಮಂದಿಯ ಬಗ್ಗೆ ನನಗೆ ಗೌರವ.

ಇನ್ನೊಂದು ಪ್ರಸಂಗ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ರಿಚರ್ಡ್ ಗ್ಯಾರಿಯಟ್ 1985ರಲ್ಲಿ ತಂದ 'ಅಲ್ಟಿಮಾ 4' ಆಟದಲ್ಲಿ ಮಂತ್ರಕ್ಕೆ ಬೇಕಾದ ಬೇರು ಬೂದಿ ಮಾರುವ ಅಂಗಡಿಯವರು ಕುರುಡರು. ಎಷ್ಟು ಕೊಡಬೇಕೆಂದು ಅವರು ಹೇಳುತ್ತಾರೆ, ಎಷ್ಟು ಕೊಟ್ಟೆನೆಂದು ನೀವೇ ಟೈಪ್ ಮಾಡಬೇಕು. ಒಂದೇ ಕಾಸು ಇಟ್ಟು ಬಂದರೂ ಯಾರೂ ಹಿಡಿಯುವುದಿಲ್ಲ. ಆದರೆ ಆಟ ಒಳಗೊಳಗೇ ಪ್ರಾಮಾಣಿಕತೆಯ ಲೆಕ್ಕ ಕಡಿಮೆ ಮಾಡುತ್ತಾ ಹೋಗುತ್ತದೆ. ಎಂಟು ಸದ್ಗುಣಗಳಲ್ಲೂ ಪೂರ್ಣನಾಗದೆ ಆಟ ಗೆಲ್ಲಲಾಗದು. ಹಿಂದಿನ ಆಟಗಳಲ್ಲಿ ಕದ್ದು, ಕೊಂದು ಬಲಿಯುತ್ತಿದ್ದ ಆಟಗಾರರನ್ನು ನೋಡಿಯೇ ಗ್ಯಾರಿಯಟ್ ಈ ದಾರಿ ಹಿಡಿದದ್ದು. ಬೀಗ ಹಾಕದೆಯೇ ಮೋಸಕ್ಕೆ ಬೆಲೆ ಕಟ್ಟಿದ ಇಂಥ ಆಟ ನನ್ನ ಕಣ್ಣಿಗೆ ಇನ್ನೊಂದು ಬಿದ್ದಿಲ್ಲ.

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಈ ಲೋಕ ಬಂದದ್ದು ತಡವಾಗಿ, ಸೈಬರ್ ಕೆಫೆಗಳ ಮೂಲಕ. ಪರದೆ ಕಟ್ಟಿದ ಗೂಡಿನೊಳಗೆ ಒಂದು ಕಂಪ್ಯೂಟರು, ಮೂವರು ಹುಡುಗರು, ಒಬ್ಬನ ಕೈಯಲ್ಲಿ ಕೀಬೋರ್ಡು, ಇನ್ನೊಬ್ಬನ ಕೈಯಲ್ಲಿ ನೋಟ್‌ಬುಕ್ಕು. ಆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ 'ಜಿಟಿಎ ಸ್ಯಾನ್ ಆಂಡ್ರಿಯಾಸ್' ಆಟದ ಚೀಟ್ ಕೋಡುಗಳು. ಎಚ್-ಇ-ಎಸ್-ಒ-ವೈ-ಎ-ಎಂ ಎಂದು ಒತ್ತಿದರೆ ಆರೋಗ್ಯ, ಕವಚ, ಎರಡೂವರೆ ಲಕ್ಷ ಡಾಲರ್. ಇಂಗ್ಲಿಷ್ ಪಾಠದ ಸ್ಪೆಲ್ಲಿಂಗ್ ಬಾರದವರಿಗೂ ಈ ಏಳಕ್ಷರ ಬಾಯಿಪಾಠ. ಕೋಡುಗಳು ಒಬ್ಬನಿಂದ ಒಬ್ಬನಿಗೆ ಕಾಸಿಲ್ಲದೆ ದಾಟುತ್ತಿದ್ದವು. ಹೊಸ ಕೋಡು ತಂದವನಿಗೆ ಅವತ್ತು ಮರ್ಯಾದೆ. ಆ ಆಟದ ಕಂಪನಿ ರಾಕ್‌ಸ್ಟಾರ್ ಈಗ ಬೆಂಗಳೂರಿನಲ್ಲೂ ಇದೆ. ರಾಜೇಶ್ ರಾವ್ 1997ರಲ್ಲಿ ಅಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಅದು ಕೊಂಡುಕೊಂಡಿತು.

ಚೀಟ್ ಕೋಡುಗಳು ಮೊದಲಿಗೆ ಆಟ ಬರೆದವರ ಸ್ವಂತ ಉಪಯೋಗಕ್ಕೆ ಹುಟ್ಟಿದವು. 1986ರಲ್ಲಿ 'ಗ್ರೇಡಿಯಸ್' ಆಟವನ್ನು ಪರೀಕ್ಷಿಸಬೇಕಿದ್ದ ಜಪಾನಿನ ಕಜುಹಿಸಾ ಹಾಶಿಮೊಟೊಗೆ ಆಟ ತೀರಾ ಕಷ್ಟವಾಯಿತು. ಎಲ್ಲ ಶಕ್ತಿಯೂ ಒಟ್ಟಿಗೆ ಸಿಗುವಂತೆ ಕೀಲಿಗಳ ಒಂದು ಸರಣಿಯನ್ನು ತನಗಾಗಿ ಸೇರಿಸಿಕೊಂಡ. ಅದು ಆಟದೊಳಗೇ ಉಳಿದು, ಕೊನಾಮಿ ಕೋಡ್ ಎಂದು ಜಗತ್ತಿಗೆಲ್ಲ ಗೊತ್ತಾಯಿತು.

ಈ ಉದಾರತೆ ನಿಂತದ್ದೇ ನನ್ನ ಸಿಟ್ಟು. 1996ರ ಕೊನೆಗೆ ಬಂದ 'ಡಯಾಬ್ಲೊ'ದಲ್ಲಿ ಪಾತ್ರದ ಫೈಲ್ ಆಟಗಾರನ ಕಂಪ್ಯೂಟರಿನಲ್ಲೇ ಇತ್ತು. ಜನ ಅದನ್ನು ತಿದ್ದಿ, ಆಯುಧಗಳ ನಕಲು ಮಾಡಿ ಆನ್‌ಲೈನ್ ಆಟವನ್ನು ಹಾಳುಗೆಡವಿದರು. 2000ದಲ್ಲಿ ಬಂದ ಎರಡನೇ ಭಾಗದಲ್ಲಿ ಕಂಪನಿ ಪಾತ್ರಗಳನ್ನು ತನ್ನ ಸರ್ವರಿಗೆ ಎಳೆದುಕೊಂಡಿತು. ಅಲ್ಲಿಯವರೆಗೆ ನ್ಯಾಯವೇ. 2012ರ ಮೂರನೇ ಭಾಗಕ್ಕೆ ಬರುವಾಗ ಒಬ್ಬನೇ ಕೂತು ಆಡಿದರೂ ಇಂಟರ್ನೆಟ್ ಬೇಕಾಯಿತು, ಆಟದೊಳಗೇ ನಿಜವಾದ ದುಡ್ಡಿಗೆ ಆಯುಧ ಹರಾಜಾಗುವ ಕಟ್ಟೆ ತೆರೆಯಿತು. ಆಡುವ ಸುಖವನ್ನೇ ಅದು ಕೆಡಿಸಿದ್ದರಿಂದ 2014ರ ಮಾರ್ಚಿನಲ್ಲಿ ಮುಚ್ಚಬೇಕಾಯಿತು. ಆ ಕಟ್ಟೆ ಮುಚ್ಚಿದರೂ ಮಾರುವ ಚಾಳಿ ಹೋಗಲಿಲ್ಲ. ಇಂದಿನ ಎಷ್ಟೋ ಮೊಬೈಲ್ ಆಟಗಳಲ್ಲಿ ಸತ್ತವನು ಎದ್ದು ಬರಲು ವಜ್ರ ಬೇಕು, ವಜ್ರಕ್ಕೆ ಯುಪಿಐ ಬೇಕು. ಹಿಂದೆ ನೋಟ್‌ಬುಕ್ಕಿನ ಹಿಂಪುಟದಲ್ಲಿ ಪುಕ್ಕಟೆ ಸಿಗುತ್ತಿದ್ದ ಮೋಸವನ್ನೇ ಈಗ ಕಂಪನಿ ಬಿಲ್ಲು ಹಾಕಿ ಮಾರುತ್ತಿದೆ.

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಆಟಗಳಿಗೆ ಅಂಕುಶ ಹಾಕಿತು. ಅದರ ಮುಖ್ಯ ಅಂಶಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದು ಮಾಡಿತು. 2025ರಲ್ಲಿ ಕೇಂದ್ರದ ಕಾಯ್ದೆ ಬಂತು. ಈ ಚರ್ಚೆಯೆಲ್ಲ ಹಣ ಒಡ್ಡಿ ಹಣ ಗೆಲ್ಲುವ ಆಟಗಳ ಸುತ್ತಲೇ ಸುತ್ತಿತು. ಮಗುವಿಗೆ ಬೇಕೆಂದೇ ಸೋಲಿನ ಗುಂಡಿ ತೋಡಿ, ಮೇಲೆ ಬರಲು ಏಣಿ ಮಾರುವ ಆಟಗಳ ಬಗ್ಗೆ ನಮ್ಮಲ್ಲಿ ಅಷ್ಟು ಗಟ್ಟಿಯಾದ ಮಾತು ಕೇಳಿಸಲಿಲ್ಲ.

ಆದ್ದರಿಂದ ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ಮಗುವಿನ ಮೊಬೈಲಿಗೆ ಆಟ ಹಾಕಿಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ: ಇಂಟರ್ನೆಟ್ ಆರಿಸಿದರೂ ಇದು ತೆರೆಯುತ್ತದೆಯೇ? ಸೋತಾಗ ದುಡ್ಡು ಕೇಳುತ್ತದೆಯೇ? ನೆಟ್‌ಹ್ಯಾಕ್ ಇವತ್ತಿಗೂ ಉಚಿತ, ಅದರ ಮೂಲ ಬರಹವೂ ಎಲ್ಲರಿಗೆ ತೆರೆದಿದೆ, ಸಾಧಾರಣ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದರಲ್ಲಾದರೂ ಅದನ್ನು ಹಾಕಿಡಿ. ಮಕ್ಕಳು ಸಾಯಲಿ, ಮತ್ತೆ ಮೊದಲಿಂದ ಶುರು ಮಾಡಲಿ, ಬೇಕಾದರೆ ಮೋಸವನ್ನೂ ತಾವೇ ಕಂಡುಹಿಡಿಯಲಿ.