ನಂಬಿಕೆಗೂ ಹಾಲ್ ಟಿಕೆಟ್ ಬೇಕೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೂಮುಗಳಲ್ಲಿ ರಾತ್ರಿ ಹನ್ನೊಂದರ ನಂತರ ಶುರುವಾಗುವ ಚರ್ಚೆಗಳಲ್ಲಿ ದೇವರ ವಿಷಯ ಇದ್ದೇ ಇರುತ್ತದೆ. ಧಾರವಾಡದಲ್ಲಿ ಎರಡು ವರ್ಷದಿಂದ ಓದುತ್ತಿರುವ ನಾನು ಅಂಥ ಹತ್ತಾರು ಚರ್ಚೆ ಕೇಳಿದ್ದೇನೆ. ಒಬ್ಬ ‘ದೇವರಿದ್ದರೆ ತೋರಿಸು’ ಎನ್ನುತ್ತಾನೆ. ಇನ್ನೊಬ್ಬ ‘ಗಾಳಿ ಕಣ್ಣಿಗೆ ಕಾಣುತ್ತದೆಯೇ?’ ಎಂದು ಕೇಳುತ್ತಾನೆ. ಅಷ್ಟರಲ್ಲಿ ಚಹಾ ಮುಗಿದಿರುತ್ತದೆ, ಚರ್ಚೆಯೂ ಮುಗಿಯುತ್ತದೆ.

ಬಿ.ಎ.ಯಲ್ಲಿ ತತ್ವಶಾಸ್ತ್ರ ಓದಿದ್ದರಿಂದ ಗೆಳೆಯರು ಕೊನೆಗೆ ನನ್ನ ಕಡೆ ತಿರುಗುತ್ತಾರೆ. ‘ನೀ ಹೇಳಲೇ, ದೇವರು ಅದಾನೋ ಇಲ್ಲೋ?’ ಈ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಸಾಕಷ್ಟು ಪುರಾವೆ ಇಲ್ಲದೆ ಒಂದು ಮಾತನ್ನು ನಂಬುವ ಹಕ್ಕು ನಮಗಿದೆಯೇ? ದೇವರ ಬಗ್ಗೆ ಯಾವ ತೀರ್ಮಾನಕ್ಕೂ ಬಾರದವರು ಕೂಡ ಇದಕ್ಕೆ ಉತ್ತರ ಹುಡುಕಬಹುದು. ದಿನನಿತ್ಯದ ಬದುಕಿಗೆ ಹೆಚ್ಚು ಬೇಕಾದ ಪ್ರಶ್ನೆಯೂ ಇದೇ.

ಇದಕ್ಕೆ ಖಡಕ್ಕಾಗಿ ‘ಇಲ್ಲ’ ಎಂದವನು ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್. 1877ರ ಪ್ರಬಂಧವೊಂದರಲ್ಲಿ ಆತ ಒಬ್ಬ ಹಡಗಿನ ಮಾಲೀಕನ ಕತೆ ಹೇಳುತ್ತಾನೆ. ಹಡಗು ಹಳೆಯದು, ರಿಪೇರಿ ಬೇಕು ಎಂಬ ಅನುಮಾನ ಮಾಲೀಕನಿಗೇ ಇದೆ. ಆದರೆ ರಿಪೇರಿಗೆ ದುಡ್ಡು ಹೋಗುತ್ತದೆ. ಇಷ್ಟು ಸಲ ಸುರಕ್ಷಿತವಾಗಿ ಬಂದ ಹಡಗು ಈ ಸಲವೂ ಬರುತ್ತದೆ, ಹೊಸ ಬದುಕು ಹುಡುಕಿ ಹೊರಟ ಕುಟುಂಬಗಳನ್ನು ದೇವರೇ ಕಾಯುತ್ತಾನೆ ಎಂದು ಆತ ತನ್ನ ಮನಸ್ಸನ್ನು ಒಪ್ಪಿಸಿಕೊಳ್ಳುತ್ತಾನೆ. ಹಡಗು ನಡುಸಮುದ್ರದಲ್ಲಿ ಮುಳುಗುತ್ತದೆ. ಮಾಲೀಕ ವಿಮೆಯ ಹಣ ಪಡೆದು ಸುಮ್ಮನಾಗುತ್ತಾನೆ.

ಆತ ಪ್ರಾಮಾಣಿಕವಾಗಿಯೇ ನಂಬಿದ್ದ, ನಿಜ. ಆದರೂ ಆತ ತಪ್ಪಿತಸ್ಥ ಎನ್ನುತ್ತಾನೆ ಕ್ಲಿಫರ್ಡ್. ಹಡಗು ಮುಳುಗದೆ ದಡ ಸೇರಿದ್ದರೂ ಅಷ್ಟೇ ತಪ್ಪಿತಸ್ಥ. ಯಾಕೆಂದರೆ ಆ ನಂಬಿಕೆಯನ್ನು ಆತ ಪರೀಕ್ಷೆ ಮಾಡಿ ಸಂಪಾದಿಸಿರಲಿಲ್ಲ, ಅನುಮಾನವನ್ನು ಅದುಮಿ ಪಡೆದಿದ್ದ. ಇದು ಬರೀ ಕುರ್ಚಿಯಲ್ಲಿ ಕುಳಿತು ಹೇಳಿದ ಮಾತಲ್ಲ. 1870ರಲ್ಲಿ ಸೂರ್ಯಗ್ರಹಣ ನೋಡಲು ಹೊರಟ ತಂಡದಲ್ಲಿದ್ದ ಕ್ಲಿಫರ್ಡ್, ಸಿಸಿಲಿಯ ಹತ್ತಿರ ಹಡಗು ಅಪಘಾತಕ್ಕೀಡಾದಾಗ ಬದುಕಿ ಉಳಿದವನು.

ಇದಕ್ಕೆ 1896ರಲ್ಲಿ ಉತ್ತರ ಕೊಟ್ಟವನು ಅಮೆರಿಕದ ವಿಲಿಯಂ ಜೇಮ್ಸ್. ವೈದ್ಯಕೀಯ ಓದಿ, ಮನಶ್ಶಾಸ್ತ್ರ ಕಲಿಸಿ, ತತ್ವಶಾಸ್ತ್ರಕ್ಕೆ ಬಂದವನು. ಎಲ್ಲದಕ್ಕೂ ಪುರಾವೆ ಬರಲಿ ಎಂದು ಕಾಯುತ್ತ ಕುಳಿತರೆ ಕೆಲವು ಸತ್ಯಗಳು ಕೈಗೆ ಸಿಗುವುದೇ ಇಲ್ಲ ಎಂಬುದು ಆತನ ವಾದ. ಇನ್ನೊಂದು ಪ್ರಬಂಧದಲ್ಲಿ ಆತ ಪರ್ವತಾರೋಹಿಯೊಬ್ಬನ ಉದಾಹರಣೆ ಕೊಡುತ್ತಾನೆ. ಕಂದಕ ದಾಟಿ ಜಿಗಿಯದೆ ಬೇರೆ ದಾರಿಯಿಲ್ಲ. ‘ಜಿಗಿಯಬಲ್ಲೆ’ ಎಂದು ನಂಬಿದರೆ ಕಾಲಿಗೆ ಬಲ ಬರುತ್ತದೆ. ಅನುಮಾನಿಸಿದರೆ ನಡುಗುವ ಕಾಲೇ ಕೆಡವುತ್ತದೆ.

ಹಾಗಂತ ಜೇಮ್ಸ್ ಬೇಕಾದ್ದನ್ನೆಲ್ಲ ನಂಬಿ ಎನ್ನಲಿಲ್ಲ. ಷರತ್ತು ಹಾಕಿದ. ಆ ವಿಷಯ ತರ್ಕ, ಪುರಾವೆಗಳಿಂದ ಇತ್ಯರ್ಥವಾಗುವಂಥದ್ದಾಗಿರಬಾರದು. ಎರಡೂ ಸಾಧ್ಯತೆಗಳು ನಮಗೆ ನಿಜವಾಗಿ ತಟ್ಟುವಂತಿರಬೇಕು. ನಿರ್ಧಾರ ಮುಂದೂಡಿದರೂ ಅದೇ ಒಂದು ನಿರ್ಧಾರ ಆಗುವಂತಿರಬೇಕು. ಬದುಕಿಗೆ ಅದು ದೊಡ್ಡ ಮಾತಾಗಿರಬೇಕು. ಇಷ್ಟಿದ್ದಾಗ ಮಾತ್ರ ಮನಸ್ಸು ಒಲಿದ ಕಡೆ ನಂಬುವ ಹಕ್ಕು ನಮಗಿದೆ.

ಇಬ್ಬರಲ್ಲಿ ಯಾರು ಸರಿ? ಈ ವರ್ಷ ನನ್ನ ಮನೆಯಲ್ಲೇ ಇದನ್ನು ಇತ್ಯರ್ಥ ಮಾಡಬೇಕಾಗಿ ಬಂತು. ಎರಡು ಸಲ ಕೆಲವೇ ಅಂಕಗಳಲ್ಲಿ ನನ್ನ ಹೆಸರು ಪಟ್ಟಿಯಿಂದ ಹೊರಗುಳಿದಿತ್ತು. ಅವ್ವ ನನ್ನ ಪ್ರತಿ ಪರೀಕ್ಷೆಯ ದಿನ ಉಪವಾಸ ಇರುತ್ತಾಳೆ, ಸಂಜೆ ದೀಪ ಹಚ್ಚಿದ ಮೇಲೆಯೇ ಊಟ. ಸೋದರಮಾವ ಒಬ್ಬ ಜ್ಯೋತಿಷಿಯನ್ನು ಕಂಡು ಬಂದು, ಜಾತಕದಲ್ಲಿ ದೋಷವಿದೆ, 25 ಸಾವಿರದ ಪೂಜೆ ಮಾಡಿಸಿದರೆ ನೌಕರಿ ಗ್ಯಾರಂಟಿ ಎಂದರು. ಅಪ್ಪ ಸೊಸೈಟಿಯಲ್ಲಿ ಸಾಲ ಕೇಳಲು ಹೊರಟಿದ್ದರು.

ರೂಮಿನ ಗೆಳೆಯರಿಗೆ ಇವೆರಡೂ ಒಂದೇ. ಒಬ್ಬ ‘ಎರಡೂ ಮೂಢನಂಬಿಕೆ’ ಎಂದ. ಇನ್ನೊಬ್ಬ ‘ಎರಡೂ ಭಕ್ತಿ’ ಎಂದ. ನನಗೆ ಹಾಗನ್ನಿಸಲಿಲ್ಲ. ಅವ್ವನ ದೀಪ ಫಲಿತಾಂಶದ ಬಗ್ಗೆ ಯಾವ ಗ್ಯಾರಂಟಿಯನ್ನೂ ಕೊಡುವುದಿಲ್ಲ. ಎರಡು ಸಲ ನಾನು ಫೇಲಾದಾಗಲೂ ಅವಳು ದೀಪ ಹಚ್ಚುವುದನ್ನು ಬಿಡಲಿಲ್ಲ. ಈ ಲೋಕ ತನ್ನ ಮಗನ ಕೈಬಿಡುವುದಿಲ್ಲ ಎಂಬ ಆ ಭರವಸೆಯನ್ನು ಯಾವ ಪ್ರಯೋಗಾಲಯವೂ ಸರಿ ತಪ್ಪು ಎನ್ನಲಾರದು. ಅಲ್ಲಿ ಜೇಮ್ಸ್ ಮಾತು ನಡೆಯುತ್ತದೆ. ಆದರೆ ‘ಪೂಜೆ ಮಾಡಿಸಿದರೆ ನೌಕರಿ’ ಎನ್ನುವುದು ಪರೀಕ್ಷಿಸಬಹುದಾದ ಮಾತು. ಅಲ್ಲಿ ಕ್ಲಿಫರ್ಡನನ್ನೇ ಕರೆಯಬೇಕು.

‘ಮಾವಾ, ಈ ಪೂಜಾ ಮಾಡಿಸಿದವರೊಳಗ ನೌಕರಿ ಸಿಗದವರು ಎಷ್ಟು ಮಂದಿ ಅಂತ ಅವರು ಲೆಕ್ಕಾ ಇಟ್ಟಾರೇನ್ರೀ?’ ಎಂದು ಕೇಳಿದೆ. ಮಾವ ಸಿಟ್ಟಾದರು. ಅಪ್ಪ ಮಾತ್ರ ಸೊಸೈಟಿಗೆ ಹೋಗಲಿಲ್ಲ.

ಈ ಪ್ರಶ್ನೆ ನನ್ನದಲ್ಲ, ಎರಡು ಸಾವಿರ ವರ್ಷಕ್ಕೂ ಹಳೆಯದು. ನಾಸ್ತಿಕನೆಂದು ಹೆಸರಾಗಿದ್ದ ಗ್ರೀಸಿನ ಡಯಾಗೊರಸ್‌ನ ಕತೆಯನ್ನು ರೋಮ್‌ನ ಸಿಸೆರೊ ಹೇಳುತ್ತಾನೆ. ಹರಕೆ ಹೊತ್ತು ಬಿರುಗಾಳಿಯಿಂದ ಪಾರಾದವರು ಒಪ್ಪಿಸಿದ ಚಿತ್ರಗಳನ್ನು ತೋರಿಸಿ, ಈಗಲಾದರೂ ದೇವರನ್ನು ನಂಬುತ್ತೀಯಾ ಎಂದು ಗೆಳೆಯ ಕೇಳಿದನಂತೆ. ಮುಳುಗಿದವರ ಚಿತ್ರಗಳನ್ನು ಎಲ್ಲೂ ಹಾಕಿಲ್ಲವಲ್ಲ ಎಂದನಂತೆ ಡಯಾಗೊರಸ್. ಕೋಚಿಂಗ್ ಸೆಂಟರುಗಳ ಫ್ಲೆಕ್ಸ್ ನೋಡುವಾಗಲೂ ನನಗೆ ಈ ಕತೆ ನೆನಪಾಗುತ್ತದೆ. ಅಲ್ಲಿಯೂ ಪಾಸಾದವರ ಫೋಟೊ ಮಾತ್ರ ಇರುತ್ತದೆ.

ನಮ್ಮ ನಾಡಿನ ಎಚ್. ನರಸಿಂಹಯ್ಯ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದರು. ಆ ಸಮಿತಿಯ ಹೆಸರಿನಲ್ಲೇ ‘ಪರೀಕ್ಷಿಸಬಹುದಾದ ಮೂಢನಂಬಿಕೆಗಳು’ ಎಂಬ ಅರ್ಥದ ಪದಗಳಿದ್ದವು. ಆ ಒಂದು ವಿಶೇಷಣ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ತನಿಖೆಗೆ ಸಿಗುವ ಮಾತು ಯಾವುದು, ಸಿಗದ ಮಾತು ಯಾವುದು ಎಂಬ ಗೆರೆಯನ್ನು ಅದು ಎಳೆಯುತ್ತದೆ.

ಹೀಗೆ ಪ್ರಶ್ನಿಸುವುದು ಪಶ್ಚಿಮದಿಂದ ಬಂದ ಚಾಳಿಯೂ ಅಲ್ಲ. ವೇದವೇ ಪ್ರಮಾಣ ಎಂದ ಮೀಮಾಂಸಕ ಕುಮಾರಿಲ ಭಟ್ಟ ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪಲಿಲ್ಲ. ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಈಶ್ವರನಿದ್ದಾನೆ ಎನ್ನಲು ಒಂದೊಂದೇ ಕಾರಣ ಜೋಡಿಸಿದ. ನಂಬಿದವನೂ ನಂಬದವನೂ ಕಾರಣ ಕೊಡಲು ಸಿದ್ಧರಿದ್ದ ನೆಲ ಇದು.

ದೇವರನ್ನು ನಂಬುವ ಗೆಳೆಯರಿಗೂ ನಂಬದ ಗೆಳೆಯರಿಗೂ ನಾನೀಗ ಮೂರು ಪ್ರಶ್ನೆ ಕೇಳುತ್ತೇನೆ. ನಿನ್ನ ಮಾತು ಪರೀಕ್ಷಿಸಬಹುದಾದದ್ದೇ? ಆಗಿದ್ದರೆ ಪರೀಕ್ಷಿಸಿದ್ದೀಯಾ? ಅದು ಸುಳ್ಳಾದರೆ ಮುಳುಗುವ ಹಡಗಿನಲ್ಲಿ ಕುಳಿತವರು ಯಾರು, ನೀನೋ ಬೇರೆಯವರೋ? ಈ ಮೂರಕ್ಕೂ ತಲೆ ತಗ್ಗಿಸದೆ ಉತ್ತರ ಕೊಡುವವನು ಗುಡಿಗೆ ಹೋದರೂ ವಿವೇಕಿಯೇ, ಹೋಗದಿದ್ದರೂ ವಿವೇಕಿಯೇ.