ಹದಿಮೂರಕ್ಕೆ ಮೂವತ್ತೊಂದು ಬರೆಯುವ ಮಗು

ಕ್ಲಾಂಗ್ ಬಂದರು (ಮಲೇಷ್ಯಾ): ಏಳನೇ ವಯಸ್ಸಿಗೆ ಇಲ್ಲಿ ಮಕ್ಕಳು ಒಂದನೇ ತರಗತಿಗೆ ಸೇರುತ್ತಾರೆ. ಆ ವಯಸ್ಸಿನ ಮಗುವಿಗೆ ‘ಥರ್ಟೀನ್’ ಬರೆಯಲು ಹೇಳಿದರೆ ಕೆಲವೊಮ್ಮೆ 31 ಎಂದು ಬರೆದುಬಿಡುತ್ತದೆ. ಅದು ದಡ್ಡತನವಲ್ಲ. ಆ ಪದದಲ್ಲಿ ಮೂರು ಮೊದಲು ಕೇಳಿಸುತ್ತದೆ, ಹತ್ತು ಆಮೇಲೆ. ಮಲಯ್ ಭಾಷೆಯ ‘ತಿಗಾ ಬೆಲಾಸ್’ನಲ್ಲೂ ಹಾಗೆಯೇ. ನಮ್ಮ ‘ಹದಿಮೂರು’ ಮಾತ್ರ ಹತ್ತನ್ನು ಮೊದಲು ಹೇಳಿ, ಮೂರನ್ನು ನಂತರ ಹೇಳುತ್ತದೆ. ಬರೆಯುವ ಕ್ರಮವೂ ಅದೇ.

ಹನ್ನೊಂದರಿಂದ ಹತ್ತೊಂಬತ್ತರವರೆಗೆ ಕನ್ನಡದಲ್ಲಿ ಇದೇ ಕ್ರಮ. ಸ್ಥಾನಬೆಲೆಯ ಮೊದಲ ಪಾಠ ಅಜ್ಜಿ ಹೇಳಿಕೊಡುವ ಎಣಿಕೆಯಲ್ಲೇ ಅಡಗಿದೆ. ಹೊರದೇಶಕ್ಕೆ ಬಂದ ನಾವು ‘ಶಾಲೆಯಲ್ಲಿ ಗೊಂದಲವಾಗುತ್ತದೆ’ ಎಂದು ಮೊದಲು ಬಿಡುವುದು ಈ ಎಣಿಕೆಯನ್ನೇ.

ಗಣಿತವನ್ನು ಯಾವ ಭಾಷೆಯಲ್ಲಿ ಕಲಿಸಬೇಕು ಎಂಬುದು ಈ ದೇಶದಲ್ಲಿ ಹಳೆಯ ಜಗಳ. ಸರ್ಕಾರಿ ವ್ಯವಸ್ಥೆಯಲ್ಲಿ ಮಲಯ್, ಚೀನೀ ಮತ್ತು ತಮಿಳು ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ತಮಿಳು ಶಾಲೆಗಳೇ 500ಕ್ಕೂ ಹೆಚ್ಚು. 2003ರಲ್ಲಿ ಗಣಿತ ಮತ್ತು ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವ ನೀತಿ ಜಾರಿಗೆ ಬಂತು. ಹಳ್ಳಿ ಮಕ್ಕಳು ಹಿಂದೆ ಬೀಳುತ್ತಿದ್ದಾರೆಂಬ ಕೂಗೆದ್ದು, 2009ರಲ್ಲಿ ಅದನ್ನು ಕೈಬಿಡುವ ನಿರ್ಧಾರ ಪ್ರಕಟವಾಯಿತು. 2016ರಲ್ಲಿ ಆಯ್ದ ಶಾಲೆಗಳಿಗೆ ಮತ್ತೆ ಇಂಗ್ಲಿಷಿನ ಆಯ್ಕೆ ಸಿಕ್ಕಿತು.

ಇಷ್ಟೆಲ್ಲ ಆದಮೇಲೂ, 15 ವರ್ಷದ ವಿದ್ಯಾರ್ಥಿಗಳಿಗೆ ನಡೆಯುವ ಅಂತರರಾಷ್ಟ್ರೀಯ ‘ಪೀಸಾ’ ಪರೀಕ್ಷೆಯಲ್ಲಿ 2022ರಲ್ಲಿ ಮಲೇಷ್ಯಾದ ಗಣಿತದ ಸರಾಸರಿ ಅಂಕ 409. ಪಕ್ಕದ ಸಿಂಗಪುರದ್ದು 575. ಅಲ್ಲಿ ಬೋಧನೆ ಇಂಗ್ಲಿಷಿನಲ್ಲೇ. ಆದರೆ ಮಗು ಮೊದಲು ವಸ್ತುಗಳನ್ನು ಕೈಯಲ್ಲಿ ಹಿಡಿದು ಎಣಿಸುತ್ತದೆ, ನಂತರ ಚಿತ್ರ ಬರೆಯುತ್ತದೆ, ಅಂಕಿ ಮತ್ತು ಚಿಹ್ನೆ ಬರುವುದು ಕೊನೆಗೆ. ಮಾಧ್ಯಮ ಬದಲಿಸಿದ ಮಾತ್ರಕ್ಕೆ ಗಣಿತ ಅರ್ಥವಾಗುವುದಿಲ್ಲ. ಹೇಗೆ ಕಲಿಸುತ್ತೇವೆ ಎಂಬುದೇ ಮುಖ್ಯ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ಫೌಂಡೇಶನ್‌ನ ‘ಗಣಿತ ಕಲಿಕಾ ಆಂದೋಲನ’ ಕೂಡ ಇದೇ ದಾರಿ ಹಿಡಿದು, 4 ಮತ್ತು 5ನೇ ತರಗತಿಯ ಮಕ್ಕಳ ಕೈಗೆ ಕಲಿಕಾ ಸಾಮಗ್ರಿಯ ಕಿಟ್ ಕೊಟ್ಟಿತು.

ಬಂದರಿನ ಊರಿನಲ್ಲಿ ಇಂಥ ಸಾಮಗ್ರಿಗೆ ಬರವೇ? ಇಪ್ಪತ್ತು ಅಡಿಯ ಕಂಟೇನರ್ ಒಂದು ಘಟಕ, ನಲವತ್ತು ಅಡಿಯದು ಎರಡು. ಎದುರಿಗೆ ಹೋಗುವ ಲಾರಿಗಳನ್ನು ನೋಡುತ್ತಲೇ ಮಗು ಕೂಡಬಹುದು, ಗುಣಿಸಬಹುದು. 2023ರಲ್ಲಿ ಈ ಬಂದರು 14 ಮಿಲಿಯನ್‌ಗೂ ಹೆಚ್ಚು ಘಟಕಗಳನ್ನು ನಿರ್ವಹಿಸಿತು. ಶಾಲೆಯಲ್ಲಿ ಅದು ‘14 ಜುತಾ’. ಊರಿನ ಅಜ್ಜನಿಗೆ ಫೋನಿನಲ್ಲಿ ಹೇಳುವಾಗ ‘1 ಕೋಟಿ 40 ಲಕ್ಷ’. ಒಂದನ್ನು ಇನ್ನೊಂದಕ್ಕೆ ಬದಲಿಸುವುದೇ ಒಳ್ಳೆಯ ಲೆಕ್ಕ.

ಇನ್ನೊಂದು ಸ್ವಾರಸ್ಯವಿದೆ. ಭಾಗಾಕಾರಕ್ಕೆ ಮಲಯ್‌ನಲ್ಲಿ ‘ಬಹಾಗಿ’ ಎನ್ನುತ್ತಾರೆ. ನಮ್ಮ ‘ಭಾಗ’ದಂತೆ ಅದರ ಮೂಲವೂ ಸಂಸ್ಕೃತ. ‘ಲಕ್ಸಾ’ ಎಂಬ ಹಳೆಯ ಪದವೂ ಇದೆ. ಅದರ ಬೆಲೆ ಮಾತ್ರ ಹತ್ತು ಸಾವಿರ! ಮಕ್ಕಳಿಗೆ ಇದನ್ನು ಹೇಳಿ ನೋಡಿ, ಶಾಲೆಯ ಲೆಕ್ಕ ಪರರದ್ದು ಎನಿಸುವುದಿಲ್ಲ.

ಇಲ್ಲಿನ ಸರ್ಕಾರಿ ವ್ಯವಸ್ಥೆಯಲ್ಲಿ ಕನ್ನಡ ಮಾಧ್ಯಮವಿಲ್ಲ. ಹಾಗಾಗಿ ನಮ್ಮ ಶಾಲೆ ಅಡುಗೆಮನೆಯೇ. ದೋಸೆಯನ್ನು ನಾಲ್ಕು ಭಾಗ ಮಾಡಿ ಮೂರು ತಿಂದರೆ ಮುಕ್ಕಾಲು, ಉಳಿದದ್ದು ಕಾಲು. ಅಕ್ಕಿ ಅಳೆಯುವಾಗ ಪಾವು, ಅರ್ಧ ಪಾವು. ಇವನ್ನೆಲ್ಲ ಕನ್ನಡದಲ್ಲೇ ಹೇಳೋಣ. ಉತ್ತರವನ್ನು ಶಾಲೆಯ ಭಾಷೆಯಲ್ಲಿ ಬರೆಯುವುದು ಮಗುವಿಗೆ ಕಷ್ಟವಲ್ಲ. ಅರ್ಥವಾಗದೆ ಬರೆಯುವುದೇ ಕಷ್ಟ.

ಇಂದು ರಾತ್ರಿ ಊಟಕ್ಕೆ ಕುಳಿತಾಗ ಹತ್ತರಿಂದ ಇಪ್ಪತ್ತರವರೆಗೆ ಒಮ್ಮೆ ಕನ್ನಡದಲ್ಲಿ ಎಣಿಸಿ. ಮಗ್ಗಿಯನ್ನು ನಾಳೆ ನೋಡೋಣ.